ಇಂಕ್‌ಸ್ಕೇಪ್ ಕೆಲಸ ಎಐ ಏಜೆಂಟ್ ಕೈಗೆ: ಕೊನೆಗೂ ಕೆಲಸಕ್ಕೆ ಬಂದ ಕೈಪಿಡಿ

ಇಂಕ್‌ಸ್ಕೇಪ್ ಎಂಬ ಚಿತ್ರವಿನ್ಯಾಸದ ತಂತ್ರಾಂಶವನ್ನು ಎಐ ಏಜೆಂಟ್‌ಗೆ (ತಾನೇ ಕಮಾಂಡ್ ಬರೆದು ಕೆಲಸ ಮುಗಿಸುವ ಎಐ) ಕಲಿಸುವುದು ಹೇಗೆ ಅಂದರೆ, "ಪೂರ್ತಿ ಮ್ಯಾನ್ಯುಯಲ್ ಕೊಟ್ಟುಬಿಡಿ, ಅದೇ ಓದಿಕೊಳ್ಳುತ್ತೆ" ಅಂದವರೇ ಜಾಸ್ತಿ. ಕೊಟ್ಟರೆ ಟೋಕನ್ (ಎಐ ಓದುವ-ಬರೆಯುವ ಪದತುಣುಕು) ಬಿಲ್ ಏರುತ್ತದೆ, ಏಜೆಂಟ್ ಮಾತ್ರ ಓಬೀರಾಯನ ಕಾಲದ ಕಮಾಂಡನ್ನೇ ಬರೆಯುತ್ತದೆ. ಎಸ್‌ವಿಜಿ (ಇಂಕ್‌ಸ್ಕೇಪಿನ ಚಿತ್ರದ ಫೈಲು) ಟೆಂಪ್ಲೇಟಿನಲ್ಲಿ ಹೆಸರು-ವಿಳಾಸ ತುಂಬಿ, ವಿಸಿಟಿಂಗ್ ಕಾರ್ಡು, ಲೇಬಲ್ಲು, ಲಗ್ನಪತ್ರಿಕೆಗಳ ಪಿಡಿಎಫ್ ತೆಗೆಯುವ ಕೆಲಸವನ್ನು ಈಗ ಇಂಕ್‌ಸ್ಕೇಪ್ 1.3ರಲ್ಲಿ ಏಜೆಂಟೇ ಮಾಡುತ್ತಿದೆ. ಮಾಡೆಲ್ ಅದೇ. ಅದರ ಮುಂದಿಟ್ಟ ಬರಹವಷ್ಟೇ ಬೇರೆ.

ಏಜೆಂಟ್‌ಗೆ ಬರೆದ ಕೈಪಿಡಿಯ ಮೊದಲ ಪುಟದಲ್ಲಿ ಇರಬೇಕಾದ್ದು "ಇವನ್ನು ಬಳಸಬೇಡ" ಎಂಬ ಪಟ್ಟಿ. ಮಾಡೆಲ್‌ಗಳು ಕಲಿತದ್ದು ಹಳೆಯ ಉದಾಹರಣೆಗಳಿಂದ; ಹಾಗಾಗಿ ಮೆನುವಿನ ಕೆಲಸಗಳನ್ನು ಕಮಾಂಡಿನಿಂದ ಮಾಡಿಸುತ್ತಿದ್ದ ವರ್ಬ್ ಎನ್ನುವ ಆಯ್ಕೆಯನ್ನು ಬಿಡದೆ ಬರೆಯುತ್ತವೆ. ಅದು 2022ರ ಇಂಕ್‌ಸ್ಕೇಪ್ 1.2ರಲ್ಲೇ ಹೋಯಿತು. ಎಕ್ಸ್‌ಪೋರ್ಟ್-ಪಿಎನ್‌ಜಿ 2020ರ 1.0ಕ್ಕೇ ಹಳತಾಯಿತು, ಅದರ ಜಾಗದಲ್ಲಿ ಎಕ್ಸ್‌ಪೋರ್ಟ್-ಫೈಲ್‌ನೇಮ್. ಹಳೆಯದು ಎಡಕ್ಕೆ, ಹೊಸದು ಬಲಕ್ಕೆ, ಸಾಲಿಗೊಂದು. ವಿವರಣೆ ಬೇಡ. ತಪ್ಪು ಕಮಾಂಡುಗಳಲ್ಲಿ ಅರ್ಧದಷ್ಟು ಇಷ್ಟಕ್ಕೇ ನಿಂತವು.

ಹೆಚ್ಚು ಕಾಗದ ಹಾಳಾದದ್ದು ಅಳತೆಯಲ್ಲಿ. ಎ4 ಟೆಂಪ್ಲೇಟಿನ ವ್ಯೂಬಾಕ್ಸ್ (ಫೈಲಿನೊಳಗಿನ ಅಳತೆಯ ಚೌಕಟ್ಟು) 210×297 ಇದ್ದರೆ ಫೈಲಿನೊಳಗೆ 1 ಅಂದರೆ 1 ಮಿ.ಮೀ. ಆದರೆ ಎಲ್ಲ ಆಕಾರಗಳ ಜಾಗ, ಅಳತೆ ಹೇಳುವ ಕ್ವೆರಿ-ಆಲ್ ಕಮಾಂಡ್ ಕೊಡುವುದು ಪಿಕ್ಸೆಲ್ ಲೆಕ್ಕ, ಇಂಚಿಗೆ 96. ಅಂದರೆ 1 ಮಿ.ಮೀ.ಗೆ ಸುಮಾರು 3.78. 50 ಮಿ.ಮೀ. ಲೋಗೊ 189 ಎಂದು ಕಾಣುತ್ತದೆ. ಏಜೆಂಟ್ ಅದೇ 189ನ್ನು ಫೈಲಿಗೆ ಬರೆಯುತ್ತದೆ, ಲೋಗೊ ಹಾಳೆಯಾಚೆ ಹೋಗುತ್ತದೆ. ಸಾಲದ್ದಕ್ಕೆ ಆ ಲೆಕ್ಕದಲ್ಲಿ ಗೆರೆಯ ದಪ್ಪವೂ ಸೇರಿರುತ್ತದೆ: 1 ಮಿ.ಮೀ. ಗೆರೆಯ 50 ಮಿ.ಮೀ. ಚೌಕ 51 ಮಿ.ಮೀ. ಲೆಕ್ಕಕ್ಕೆ, ಅಂದರೆ ಸುಮಾರು 193 ಪಿಕ್ಸೆಲ್ ಎಂದು ಬರುತ್ತದೆ. ಇಂಕ್‌ಸ್ಕೇಪ್ 0.92ಕ್ಕಿಂತ ಹಿಂದಿನ ಫೈಲುಗಳು ಇನ್ನೊಂದು ಪೀಡೆ. ಆಗ ಇಂಚಿಗೆ 90 ಪಿಕ್ಸೆಲ್. ಹಾಗೇ ತೆರೆದರೆ 90 ಮಿ.ಮೀ. ಕಾರ್ಡು 84.4ಕ್ಕೆ ಇಳಿಯುತ್ತದೆ. ಕನ್ವರ್ಟ್-ಡಿಪಿಐ-ಮೆಥಡ್ ಆಯ್ಕೆಯಲ್ಲಿ ಅಳತೆ ಹೇಗೆ ಬದಲಿಸಬೇಕೆಂದು ಹೇಳದೆ ಹಳೆಯ ಫೈಲು ಮುಟ್ಟಬಾರದು ಎಂದು ದಪ್ಪಕ್ಷರದಲ್ಲಿ ಬರೆದಿದೆ. ದಪ್ಪಕ್ಷರದಿಂದ ಏಜೆಂಟ್‌ಗೆ ಏನೂ ಆಗುವುದಿಲ್ಲ, ಅದು ನನ್ನ ಸಮಾಧಾನಕ್ಕೆ.

ಇದಕ್ಕಿಂತ ಕೆಟ್ಟದ್ದು ಸದ್ದಿಲ್ಲದೆ ಆಗುವ ಸೋಲು. ಐಡಿ (ಫೈಲಿನೊಳಗಿನ ಗುರುತು) ನೋಡಿ ಆಕಾರ ಆರಿಸುವ ಸೆಲೆಕ್ಟ್-ಬೈ-ಐಡಿಗೆ ಕೊಟ್ಟ ಐಡಿ ಫೈಲಿನಲ್ಲಿ ಇಲ್ಲದಿದ್ದರೆ ಒಂದು ಎಚ್ಚರಿಕೆ ಸಾಲು ಬರುತ್ತದೆ, ಕೆಲಸ ಮುಂದುವರಿಯುತ್ತದೆ, ಎಕ್ಸಿಟ್ ಕೋಡ್ 0, ಅಂದರೆ ದೋಷವಿಲ್ಲ ಎಂಬ ವರದಿ. ಪಿಡಿಎಫ್ ಕೂಡ ಬರುತ್ತದೆ, ಏನೂ ಬದಲಾಗಿರುವುದಿಲ್ಲ. ಏಜೆಂಟ್ "ಮುಗಿಯಿತು" ಎನ್ನುತ್ತದೆ. ಬೇರು ಎಲ್ಲಿದೆ ಅಂದರೆ, ಆಬ್ಜೆಕ್ಟ್ ಪ್ಯಾನೆಲಿನಲ್ಲಿ ಕಾಣುವ ಹೆಸರು ಲೇಬಲ್, ಐಡಿ ಅಲ್ಲ. ಆಬ್ಜೆಕ್ಟ್ ಪ್ರಾಪರ್ಟೀಸಿನಲ್ಲಿ ಎರಡನ್ನೂ ಒಂದೇ ಮಾಡಿಟ್ಟರೆ ಈ ತಾಪತ್ರಯ ಮುಗಿಯಿತು.

ಹೀಗಾಗಿ ಪ್ರತಿ ಕಮಾಂಡಿಗೂ ಐದು ಸಾಲಿನ ಚೀಟಿ: ಕರೆಯುವ ರೀತಿ, ಒಳಗೆ ಹೋಗುವ ಅಳತೆಯ ಘಟಕ, ಮೊದಲು ಏನು ಸಿದ್ಧವಿರಬೇಕು, ಗೆದ್ದರೆ ಏನು ಕಾಣುತ್ತದೆ, ಸುಮ್ಮನೆ ಸೋತರೆ ಕಂಡುಹಿಡಿಯುವ ಕಮಾಂಡ್ ಯಾವುದು. ಐದನೆಯ ಸಾಲು ಇಲ್ಲದ ಚೀಟಿಯನ್ನು ನಾನು ಸೇರಿಸುವುದೇ ಇಲ್ಲ. ಉದಾಹರಣೆಗೆ ಪಾತ್-ಡಿಫರೆನ್ಸ್: ಕೆಳಗಿನ ಆಕಾರದಿಂದ ಮೇಲಿನದು ಕಳೆಯುತ್ತದೆ, ಆಯ್ಕೆ ಮಾಡಿದ ಕ್ರಮಕ್ಕೆ ಬೆಲೆಯಿಲ್ಲ. ಇದೊಂದು ವಾಕ್ಯ ಇಲ್ಲದಿದ್ದಾಗ ಸ್ಟಿಕ್ಕರಿನ ತೂತಿನ ಬದಲು ಸ್ಟಿಕ್ಕರೇ ಮಾಯವಾಗುತ್ತಿತ್ತು.

ಕನ್ನಡಕ್ಕೆ ಬೇರೆಯೇ ಚೀಟಿ ಬೇಕು. ಫಾಂಟ್ ಇಲ್ಲದಿದ್ದರೆ ಇನ್ಯಾವುದೋ ಕನ್ನಡ ಫಾಂಟ್ ತಾನಾಗಿ ಬಂದು ಕೂರುತ್ತದೆ, ಸಾಲಿನ ಅಗಲ ಏರುಪೇರಾಗುತ್ತದೆ. ಗಣಕದಲ್ಲಿರುವ ಫಾಂಟ್‌ಗಳನ್ನು ಪಟ್ಟಿ ಮಾಡುವ ಎಫ್‌ಸಿ-ಲಿಸ್ಟ್‌ನಲ್ಲಿ ನವಿಲು, ಗುಬ್ಬಿ, ನೋಟೊ ಫಾಂಟ್‌ಗಳು ಇವೆಯೇ ನೋಡಿಕೊಂಡೇ ಮುಂದೆ ಹೋಗು ಎಂದಿದೆ. ಮುದ್ರಣಾಲಯದಿಂದ ಬಂದ ಹಳೆಯ ಫೈಲಿನಲ್ಲಿ ನುಡಿಯ ಆಸ್ಕಿ ಅಕ್ಷರ (ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಉಳಿಸಿದ ಕನ್ನಡ) ಇದ್ದರಂತೂ ಏಜೆಂಟ್ ಅದನ್ನು ಕೆಟ್ಟ ಇಂಗ್ಲಿಷ್ ಅಂದುಕೊಂಡು ತಿದ್ದಲು ಹೊರಡುತ್ತದೆ! ಫಾಂಟ್ ಹೆಸರು ನುಡಿಯಿಂದ ಶುರುವಾದರೆ ಪಠ್ಯ ಮುಟ್ಟಬೇಡ, ಯೂನಿಕೋಡ್ ಪಠ್ಯ ಕೇಳು, ಅಷ್ಟೇ.

ದುಡ್ಡಿನ ಮಾತು. ಪೂರ್ತಿ ಮ್ಯಾನ್ಯುಯಲ್ ಕೊಡುತ್ತಿದ್ದಾಗ, ಮರುಪ್ರಯತ್ನಗಳೂ ಸೇರಿ ಒಂದು ಕಾರ್ಡಿಗೆ ₹15-20 ಹೋಗುತ್ತಿತ್ತು. ಈಗ ₹3ರ ಆಸುಪಾಸು. ಸ್ಕ್ರೀನ್‌ಶಾಟ್ ಹಾಕಿದ ಕೈಪಿಡಿಯನ್ನೂ ನೋಡಿದ್ದಾಯಿತು: ಖರ್ಚು ಜಾಸ್ತಿ, ಮೆನು ಎಲ್ಲಿದೆ ಎಂಬುದು ಕಮಾಂಡ್ ಬರೆಯುವವನಿಗೆ ಯಾಕೆ? ಚೀಟಿಗಳನ್ನು ಕನ್ನಡದಲ್ಲೇ ಬರೆದರೆ ಚೆನ್ನಾಗಿಯೇ ಅರ್ಥಮಾಡಿಕೊಳ್ಳುತ್ತದೆ, ಆದರೆ ಟೋಕನ್ ಸುಮಾರು ಮೂರು ಪಟ್ಟು. ಎಂಸಿಪಿ ಸರ್ವರ್ (ಏಜೆಂಟ್‌ಗೆ ಹೊರಗಿನ ಟೂಲ್ ಜೋಡಿಸುವ ವ್ಯವಸ್ಥೆ) ಮಾಡಿ ಇಂಕ್‌ಸ್ಕೇಪಿನ ಎಲ್ಲ ಆಕ್ಷನ್‌ಗಳನ್ನೂ ಟೂಲ್ ಮಾಡಿದರೆ ಏಜೆಂಟ್ ತಬ್ಬಿಬ್ಬು. ಒಂಬತ್ತೇ ಟೂಲ್ ಉಳಿಸಿದ ಮೇಲೆ ಹಳಿಗೆ ಬಂತು. ಆ ಒಂಬತ್ತು ಯಾವುವು, ಯಾವ ಕ್ರಮದಲ್ಲಿ ಇಟ್ಟಿದ್ದೇನೆ ಎನ್ನುವುದನ್ನು ಹೇಳುವುದಿಲ್ಲ. ಹೊಟ್ಟೆಪಾಡು ಅದರಲ್ಲೇ ಇದೆ.

ಬಣ್ಣದ ಹಂತಕ್ಕೆ ಚೀಟಿ ಬರೆದಿದ್ದರೂ ಬಳಸುತ್ತಿಲ್ಲ. 1.3 ಕೊಡುವ ಪಿಡಿಎಫ್ ಆರ್‌ಜಿಬಿ (ಪರದೆಯ ಬಣ್ಣ), ಪ್ರೆಸ್ಸಿನವರು ಕೇಳುವುದು ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣ). ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶದಿಂದ ಬದಲಿಸಿದಾಗ ಕಪ್ಪು ಅಕ್ಷರ ನಾಲ್ಕು ಬಣ್ಣಕ್ಕೆ ಒಡೆದು, ಸಣ್ಣ ಒತ್ತಕ್ಷರಗಳ ಅಂಚು ಮಸುಕಾಗುವುದುಂಟು. ಅಲ್ಲಿ ಏಜೆಂಟ್‌ಗೆ ಇರುವುದು ಒಂದೇ ಸಾಲು: ನಿಲ್ಲು, ಫೈಲನ್ನು ಆಪರೇಟರಿಗೆ ಕೊಡು.