ನಾಕ್ಯುಅಸ್ ಪದ ಕೊನೆಗೂ ಹುಡುಗರ ತಲೆಯಲ್ಲಿ ನಿಂತಿತು

ಮೂರು ಬ್ಯಾಚ್‌ಗಳಲ್ಲಿ ನನಗೆ ಕೈಕೊಟ್ಟ ಪದ ಇದು. ಇಂಗ್ಲಿಷಿನ ನಾಕ್ಯುಅಸ್ (nocuous), ಅಂದರೆ ಹಾನಿಕರ. ಬಳಕೆಯಲ್ಲಿ ತೀರಾ ಅಪರೂಪ. ಇದರ ಉಲ್ಟಾ ಇನ್ನಾಕ್ಯುಅಸ್ ಮಾತ್ರ ಎಲ್ಲ ಕಡೆ ಸಿಗುತ್ತದೆ. ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗರು ಎರಡನ್ನೂ ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುತ್ತಿದ್ದರು.

ಮೊದಲು ಚಿತ್ರದ ಕಾರ್ಡ್ ಮಾಡಿಸಿದೆ. ಧಾರವಾಡದಲ್ಲೇ ಪ್ರಿಂಟ್, ಸುಮಾರು 4,500 ರೂಪಾಯಿ ಹೋಯಿತು. ವಿಷದ ಬಾಟಲಿ, ತಲೆಬುರುಡೆ ಎಲ್ಲ ಇತ್ತು. ಹುಡುಗರಿಗೆ ಬುರುಡೆ ನೆನಪಿತ್ತು, ಪದ ನೆನಪಿರಲಿಲ್ಲ. ಉಳಿದ ಕಾರ್ಡ್‌ಗಳು ಅಟ್ಟ ಸೇರಿದವು.

ಆಮೇಲೆ ಪದದ ಬೇರು ಹಿಡಿದೆ. ಲ್ಯಾಟಿನ್ನಿನ ನೊಕೇರೆ ಅಂದರೆ ಹಾನಿ ಮಾಡು. ಇದನ್ನು ಎಲ್ಲರೂ ಹೇಳುತ್ತಾರೆ, ಆದರೆ ಗೊತ್ತಿಲ್ಲದ ಪದಕ್ಕೆ ಗೊತ್ತಿಲ್ಲದ ಇನ್ನೊಂದು ಪದ ಕೊಟ್ಟರೆ ಏನು ಬಂತು? ನಾನು ಇನ್ನೂ ಹಿಂದೆ ಹೋದೆ. ನೊಕೇರೆ ಮತ್ತು ಸಂಸ್ಕೃತದ ನಾಶ ಒಂದೇ ಬೇರಿನವು.

ಸ್ಟಾಫ್ ರೂಮಿನಲ್ಲಿ ನಕ್ಕರು. "ಅಲ್ರೀ ಸರ, ಕ ಎಲ್ಲಿ, ಶ ಎಲ್ಲಿ?" ಮರುದಿನ ಬೋರ್ಡಿನ ಮೇಲೆ ಬರೆದೆ: ದಶಕ, ಡೆಕೇಡ್. ಶತಕ, ಸೆಂಚುರಿ. ಸೆಂಚುರಿಯ ಮೂಲ ಕೆಂಟುಮ್. ಸಂಸ್ಕೃತದ ಶ ಇರುವ ಎಷ್ಟೋ ಪದಗಳಲ್ಲಿ ಗ್ರೀಕ್, ಲ್ಯಾಟಿನ್ ಕಡೆ ಕ ಕೂತಿರುತ್ತದೆ. ಕ್ರಿಕೆಟ್ ನೋಡುವ ಹುಡುಗರಿಗೆ ಇಷ್ಟೇ ಸಾಕಾಯಿತು. ಹಿಂದೆಯೇ ಇಡೀ ಬಳಗ ಬಂತು. ನಾಕ್ಷಸ್, ಅಂದರೆ ವಿಷಕಾರಿ. ಇನ್ನೊಸೆಂಟ್, ಅಂದರೆ ಮೂಲದಲ್ಲಿ ಹಾನಿ ಮಾಡದವನು. ಫ್ರೆಂಚ್ ಸುತ್ತಿ ಬಂದ ನ್ಯೂಸೆನ್ಸ್. ಪರ್ನಿಶಸ್, ಅಂದರೆ ತೀರಾ ಹಾನಿಕರ, ಅದೂ ಇದೇ ಮನೆಯದು. ಹಾಗಂತ ಇಂಗ್ಲಿಷ್ ಸಂಸ್ಕೃತದಿಂದ ಹುಟ್ಟಿತು ಅಂತ ಕ್ಲಾಸಿನಲ್ಲಿ ಭಾಷಣ ಬಿಡಬೇಡಿ. ಇವು ದಾಯಾದಿಗಳು, ತಾಯಿ ಮಗಳಲ್ಲ.

ಉತ್ಸಾಹ ಜಾಸ್ತಿಯಾಗಿ ನಾಯ್ಸಮ್ ಪದವನ್ನೂ ಪಟ್ಟಿಗೆ ತುರುಕಿದ್ದೆ. ತಪ್ಪಾಯಿತು. ಅದು ಅನಾಯ್ (annoy, ಕಿರಿಕಿರಿ ಮಾಡು) ಪದದ ತಲೆ ಕತ್ತರಿಸಿ ಮಾಡಿದ್ದು. ಗಬ್ಬು ನಾತಕ್ಕೆ ಬಳಸುತ್ತಾರೆ, ನಾಯ್ಸ್‌ಗೂ ಅದಕ್ಕೂ ನಂಟಿಲ್ಲ. ಡೆಲಿಟೀರಿಯಸ್ (ಇದೂ ಹಾನಿಕರ ಅಂತಲೇ) ಕಥೆ ಇನ್ನೂ ನಾಚಿಕೆಗೇಡು. ಅದು ಡಿಲೀಟ್‌ನಿಂದ ಬಂತು ಅಂತ ಎರಡು ವರ್ಷ ನಾನೇ ಪಾಠ ಮಾಡಿದ್ದೇನೆ! ಡಿಲೀಟ್ ಲ್ಯಾಟಿನ್, ಇದು ಗ್ರೀಕ್. ಈಗ ಡಿಲೀಟ್ ಹೋಲಿಕೆಯನ್ನು "ಸುಮ್ನೆ ನೆನಪಿಗೆ ಇಟ್ಕೊಳ್ಳಿ" ಅಂತ ಹೇಳಿಯೇ ಬಳಸುತ್ತೇನೆ.

ಮೂರು ವಾರ ಬಿಟ್ಟು, ಹೇಳದೆ ಟೆಸ್ಟ್ ಕೊಟ್ಟೆ. 40 ಜನರ ಬ್ಯಾಚಿನಲ್ಲಿ 30ಕ್ಕೂ ಜಾಸ್ತಿ ಸರಿ ಬರೆದರು. ಕಾರ್ಡಿನ ಕಾಲದಲ್ಲಿ 10 ದಾಟಿದ್ದು ನೆನಪಿಲ್ಲ. ಖರ್ಚು ಎರಡು ಚಾಕ್‌ಪೀಸ್. ಇನ್ನಾಕ್ಯುಅಸ್ ಅದಲುಬದಲಾಗದಂತೆ ಒಂದು ಪ್ರಾಸ ಕಟ್ಟಿದ್ದೇನೆ. ಅದನ್ನು ಇಲ್ಲಿ ಹೇಳುವುದಿಲ್ಲ, ನನ್ನ ಹೊಟ್ಟೆಪಾಡೂ ನಡೀಬೇಕಲ್ವಾ?

ಅವತ್ತು ನಕ್ಕವರಲ್ಲಿ ಒಬ್ಬರು ಮೊನ್ನೆ ಬಂದು ಬೋರ್ಡಿನ ಫೋಟೋ ಹೊಡೆದುಕೊಂಡರು. ಅಟ್ಟದ ಮೇಲೆ ಕಾರ್ಡೂ ಇವೆ, ಅರ್ಧ ರೇಟಿಗೆ ಕೊಡ್ತೀನಿ ಅಂದೆ. ಬೇಡ ಅಂದರು.