ಡಯಾಲಿಸಿಸ್ ಹಾಸಿಗೆಯಲ್ಲಿ ಕಲಿತ ಶರಣಾಗತಿ

"ಎಲ್ಲಾ ದೇವರ ಇಚ್ಛೆ" ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಆ ಮಾತು ಹೇಳುವವರು ಯಾವಾಗಲೂ ಹಾಸಿಗೆಯ ಪಕ್ಕದಲ್ಲಿ ನಿಂತಿರುತ್ತಾರೆ, ಹಾಸಿಗೆ ಮೇಲೆ ಮಲಗಿರುವುದಿಲ್ಲ. ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ ನೋಡಲು ಬಂದವರಲ್ಲಿ ಮುಕ್ಕಾಲು ಪಾಲು ಜನ ಇದನ್ನೇ ಹೇಳಿ ಎದ್ದು ಹೋದರು. ಉಳಿದವರು ಹಿಂದಿನ ಜನ್ಮದ ಲೆಕ್ಕ ತೆಗೆದರು. ಈಗ ನಾನೇ ದಿನಾ ದೇವರಿಗೆ "ನಿನ್ನ ಇಷ್ಟದಂತೆ ಆಗಲಿ" ಅನ್ನುತ್ತೇನೆ. ಬಾಯಿಮಾತಿಗೆ ಅಲ್ಲ. ಅಲ್ಲಿಗೆ ಹೇಗೆ ಬಂದೆ ಅಂತ ಬರೆಯುತ್ತಿದ್ದೇನೆ, ಯಾರಿಗಾದರೂ ಬೇಕಾಗಬಹುದು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಹೀಮೋಡಯಾಲಿಸಿಸ್ ಅಂದರೆ ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ ಸುಮಾರು 4 ಗಂಟೆ. ವಾರದ 168 ಗಂಟೆಯೂ ಕಿಡ್ನಿ ಬಿಡುವಿಲ್ಲದೆ ಮಾಡುವ ರಕ್ತ ಸೋಸುವ ಕೆಲಸವನ್ನು ಯಂತ್ರ 12 ಗಂಟೆಯಲ್ಲಿ ಮಾಡಬೇಕು. ಇದಕ್ಕಾಗಿ ಕೈಯಲ್ಲಿ ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಸೇರಿಸಿ ಹೊಲಿದಿರುತ್ತಾರೆ. ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಅಲ್ಲಿಗೆ ಎರಡು ದಪ್ಪ ಸೂಜಿ. ಒಂದರಲ್ಲಿ ರಕ್ತ ಹೊರಗೆ ಹೋಗುತ್ತದೆ, ಇನ್ನೊಂದರಲ್ಲಿ ವಾಪಸ್ ಬರುತ್ತದೆ. ಆ ಕೈಯನ್ನು ಅಲ್ಲಾಡಿಸುವಂತಿಲ್ಲ.

ನನ್ನ ಅಭ್ಯಾಸ ಶುರುವಾಗಿದ್ದು ಈ ಸೂಜಿಯಿಂದ. ಸೂಜಿ ಹತ್ತಿರ ಬರುತ್ತಿದ್ದ ಹಾಗೆ ನಾನು ಹಲ್ಲು ಕಚ್ಚಿ, ಭುಜ ಸೆಟೆದು, ಕಾಲ್ಬೆರಳವರೆಗೂ ಬಿಗಿಯಾಗುತ್ತಿದ್ದೆ. ಒಬ್ಬ ನರ್ಸ್ ದಿನಾ ಅದೇ ಮಾತು ಹೇಳುತ್ತಿದ್ದರು: "ಮೇಡಂ, ಸಡಿಲ ಬಿಡಿ. ನೀವು ಬಿಗಿ ಹಿಡಿದಷ್ಟೂ ನೋವು ಜಾಸ್ತಿ." ಬೇಡ ಅಂದರೂ ಸೂಜಿ ಒಳಗೆ ಹೋಗಿಯೇ ಹೋಗುತ್ತದೆ. ನನ್ನ ಕೈಲಿರುವುದು ಭುಜ ಸಡಿಲ ಬಿಡುವುದು ಮಾತ್ರ. ಹಾಗಾಗಿ ಉಸಿರು ಹೊರಗೆ ಬಿಡುತ್ತಾ "ಈ ಗಳಿಗೆ ನಿನ್ನದು" ಅಂತ ಮನಸ್ಸಲ್ಲೇ ಹೇಳಿಕೊಳ್ಳತೊಡಗಿದೆ. ಇಡೀ ಬದುಕನ್ನು ದೇವರಿಗೆ ಒಪ್ಪಿಸುವ ಧೈರ್ಯ ನನಗಿರಲಿಲ್ಲ. ಒಂದು ಸೂಜಿಯಷ್ಟು ಹೊತ್ತನ್ನು ಒಪ್ಪಿಸಬಹುದಿತ್ತು. ಮೊದಲು ಅಷ್ಟು, ಆಮೇಲೆ ಯಂತ್ರ ಶುರುವಾದ ಮೊದಲ ಅರ್ಧ ಗಂಟೆ, ಆಮೇಲೆ ಕಾಲು ಸೆಳೆತ ಬಂದಾಗ. ಸೆಳೆತ ಬಂದಾಗ ಎಷ್ಟೋ ಸಲ ಆಗುವುದಿಲ್ಲ, ಕೂಗಿಬಿಡುತ್ತೇನೆ. ಪರವಾಗಿಲ್ಲ.

ಪಕ್ಕದ ಹಾಸಿಗೆಗೆ ಒಬ್ಬ ಹಿರಿಯರು ಬರುತ್ತಿದ್ದರು. ನಮಾಜಿನ ಹೊತ್ತಾದರೆ ಮಲಗಿದಲ್ಲೇ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ಡಯಾಲಿಸಿಸ್‌ಗೆ ಮೊದಲು ತೂಕ ನೋಡುತ್ತಾರಲ್ಲ, ಎರಡು ಸರದಿಯ ನಡುವೆ ಏರಿದ ತೂಕ ಬಹುಪಾಲು ನಾವು ಕುಡಿದು ಹೊರಗೆ ಹೋಗದೆ ಉಳಿದ ನೀರು. ಒಂದು ದಿನ ನನ್ನ ತೂಕ ಸಿಕ್ಕಾಪಟ್ಟೆ ಏರಿತ್ತು. "ಏನು ಮಾಡೋದು, ದೇವರು ನೋಡ್ಕೋತಾನೆ" ಅಂದೆ. ಅವರು ನಕ್ಕು ಒಂದು ಕಥೆ ಹೇಳಿದರು. ಒಬ್ಬಾತ ಪ್ರವಾದಿ ಮುಹಮ್ಮದರನ್ನು ಕೇಳಿದನಂತೆ, ಒಂಟೆಯನ್ನು ಕಟ್ಟಿ ದೇವರ ಮೇಲೆ ಭರವಸೆ ಇಡಲೋ, ಬಿಟ್ಟು ಇಡಲೋ ಅಂತ. ಕಟ್ಟು, ಆಮೇಲೆ ಭರವಸೆ ಇಡು ಅಂದರಂತೆ. "ನಿನ್ನ ಒಂಟೆ ನೀರಿನ ಬಾಟಲಿ ಕಣಮ್ಮಾ, ಅದನ್ನ ಕಟ್ಟು" ಅಂದರು.

ಅಂದಿನಿಂದ ಬಾಟಲಿಗೆ ಗುರುತು ಹಾಕಿಟ್ಟೆ. ಆ ಗುರುತು ದಾಟುವುದಿಲ್ಲ ಅನ್ನುವುದು ಕೂಡ ನನಗೆ ಪೂಜೆಯೇ. ಬೆಳಿಗ್ಗೆ ಎದ್ದ ಕೂಡಲೇ ಫಿಸ್ಟುಲಾ ಮೇಲೆ ಎರಡು ಬೆರಳು ಇಟ್ಟು ನೋಡುತ್ತೇನೆ. ರಕ್ತ ರಭಸವಾಗಿ ಹರಿಯುವಾಗ ಅಲ್ಲಿ ಸಣ್ಣಗೆ ಗುಯ್‌ಗುಡುವ ಕಂಪನ ಇರುತ್ತದೆ. ಅದು ನಿಂತರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಬೆರಳಿಟ್ಟು ನೋಡುವುದು ನನ್ನ ಕೆಲಸ, ಕಂಪನ ಇರಿಸುವುದು ಅವನ ಕೆಲಸ.

ಶರಣಾಗತಿ ಅಂದರೆ ಕೈಕಟ್ಟಿ ಕೂರುವುದು ಅಂತ ಅಂದುಕೊಳ್ಳುವವರಿಗೆ ನಾನು ಗೀತೆಯ ಕೊನೆಯ ಅಧ್ಯಾಯ ಓದಿ ಅನ್ನುತ್ತೇನೆ. 18ನೇ ಅಧ್ಯಾಯದ 66ನೇ ಶ್ಲೋಕ, "ಮಾಮೇಕಂ ಶರಣಂ ವ್ರಜ", ನನ್ನೊಬ್ಬನಿಗೇ ಶರಣಾಗು, ಎಲ್ಲರಿಗೂ ಗೊತ್ತು. ಅದಕ್ಕೆ ಸ್ವಲ್ಪ ಮೊದಲು, 63ರಲ್ಲಿ, ಕೃಷ್ಣ ಹೇಳುವುದನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ: ಇದನ್ನೆಲ್ಲ ಚೆನ್ನಾಗಿ ಯೋಚಿಸಿ ನೋಡು, ನಿನಗೆ ಇಷ್ಟ ಬಂದಂತೆ ಮಾಡು. ಹೆದರಿಸಿ ಬಗ್ಗಿಸುವವರು ಹೀಗೆ ಹೇಳುತ್ತಾರಾ? ಇನ್ನು 73ರಲ್ಲಿ ಅರ್ಜುನ "ಕರಿಷ್ಯೇ ವಚನಂ ತವ", ನೀನು ಹೇಳಿದ್ದನ್ನು ಮಾಡುತ್ತೇನೆ, ಅನ್ನುತ್ತಾನೆ. ಮೊದಲ ಅಧ್ಯಾಯದಲ್ಲಿ ಬಿಲ್ಲು ಕೆಳಗಿಟ್ಟು ಕೂತವನು ಶರಣಾದ ಮೇಲೆ ಎದ್ದು ನಿಂತ.

ಶ್ರೀವೈಷ್ಣವರಲ್ಲಿ ಈ ಬಗ್ಗೆ ಹಳೆಯ ವಾದವೇ ಇದೆ. ಮರಿಕೋತಿ ತಾಯಿಯನ್ನು ತಾನೇ ಗಟ್ಟಿ ಹಿಡಿದಿರುತ್ತದೆ, ಬೆಕ್ಕಿನ ಮರಿ ಸುಮ್ನೆ ಇರುತ್ತದೆ, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಭಕ್ತ ಯಾವುದರಂತೆ ಇರಬೇಕು? ಅವರಲ್ಲಿ ವಡಗಲೈ ಪಂಗಡದವರು ಕೋತಿಮರಿ ಅನ್ನುತ್ತಾರೆ, ತೆಂಗಲೈ ಪಂಗಡದವರು ಬೆಕ್ಕಿನ ಮರಿ. ಪಂಡಿತರ ಜಗಳಕ್ಕೆ ನಾನು ಹೋಗಲ್ಲ. ಮನೆಯಲ್ಲಿ ನೀರು ಅಳೆಯುವಾಗ ನಾನು ಕೋತಿಮರಿ, ಯಂತ್ರಕ್ಕೆ ರಕ್ತ ಕೊಟ್ಟು ಮಲಗಿದಾಗ ಬೆಕ್ಕಿನ ಮರಿ. ಎರಡೂ ಬೇಕಾಯಿತು.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ಕಿಡ್ನಿ ಕಸಿಗಾಗಿ ಹೆಸರು ಬರೆಸಿದೆ. ಮಿದುಳು ನಿಷ್ಕ್ರಿಯವಾದವರ ಮನೆಯವರು ಒಪ್ಪಿದರೆ ಸಿಗುವ ಕಿಡ್ನಿ. ಹೆಸರು ಬರೆಸಿ ಬಂದ ರಾತ್ರಿ ಎಂದಿನಂತೆ ಕೈ ಮುಗಿದು "ಬೇಗ ಒಂದು ಕಿಡ್ನಿ ಸಿಗಲಪ್ಪಾ" ಅಂತ ಶುರು ಮಾಡಿದೆ. ಅರ್ಧಕ್ಕೇ ಗಂಟಲು ಕಟ್ಟಿತು. ನಾನು ಏನು ಕೇಳುತ್ತಿದ್ದೇನೆ? ಆ ಕಿಡ್ನಿ ಈಗ ಯಾರ ಹೊಟ್ಟೆಯಲ್ಲೋ ಕೆಲಸ ಮಾಡುತ್ತಿದೆ. ಅವರು ಈಗ ಊಟ ಮುಗಿಸಿ ಮಕ್ಕಳ ಜೊತೆ ಕೂತಿರಬಹುದು. ಹೆಲ್ಮೆಟ್ ಹಾಕದೆ ಗಾಡಿ ಹತ್ತುತ್ತಿರಬಹುದು. "ಬೇಗ" ಅಂದರೆ ಯಾರಿಗೆ ಬೇಗ?

ತುಂಬಾ ದಿನ ಆ ಪ್ರಾರ್ಥನೆಯನ್ನು ಮುಗಿಸಲು ಆಗಲಿಲ್ಲ. ಕೇಳಬಾರದು ಅಂತ ಬಾಯಿ ಮುಚ್ಚಿಕೊಂಡರೆ ಅದೂ ಸುಳ್ಳು, ಯಾಕಂದರೆ ನನಗೆ ಬದುಕಬೇಕು. ಕೇಳಿದರೆ ಇನ್ನೊಂದು ಮನೆಯ ಬಾಗಿಲ ಮುಂದೆ ಕಾದು ನಿಂತ ಹಾಗೆ ಆಗುತ್ತದೆ. ತಿಳಿದವರನ್ನು ಕೇಳಿದೆ. ನೀವು ಕೇಳಿದ್ದಕ್ಕೆ ಯಾರೂ ಸಾಯುವುದಿಲ್ಲ ಅಂದರು. ಬುದ್ಧಿಗೆ ಅದು ಸರಿ, ಮನಸ್ಸಿಗೆ ಸಾಲಲಿಲ್ಲ. ಕೊನೆಗೆ ನನಗೆ ಪ್ರಾಮಾಣಿಕವಾಗಿ ಹೇಳಲು ಉಳಿದಿದ್ದು ಒಂದೇ: "ನನಗೆ ಏನು ಬೇಕು ಅಂತ ನಿನಗೆ ಗೊತ್ತು. ಯಾರಿಗೆ ಏನು ಯಾವಾಗ ಅನ್ನುವುದು ನಿನ್ನದು." ನೋಡಿ, ನಾನು ದೊಡ್ಡ ಭಕ್ತಿಯಿಂದ ಇಲ್ಲಿಗೆ ಬರಲಿಲ್ಲ. ಬೇರೆ ಯಾವ ಮಾತೂ ನಾಲಿಗೆಗೆ ಬರದೆ ಬಂದೆ. ಅದರ ಜೊತೆಗೆ ಇನ್ನೊಂದು ಸೇರಿಸಿದೆ. ಮುಂದೊಂದು ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಸಹಿ ಹಾಕಬೇಕಾಗಿ ಬರುವ ಮನೆಯವರು ಯಾರೇ ಇರಲಿ, ಅವರನ್ನು ಹಿಡಿದುಕೋ. ದಿನಾ ಹಾಗೆ ಬೇಡುತ್ತಾ ಇದ್ದರೆ ನನ್ನ ಕಿಡ್ನಿಯ ಚಿಂತೆ ತಾನಾಗಿ ಸ್ವಲ್ಪ ಆಚೆ ಸರಿಯುತ್ತದೆ. ಇದು ನಾನು ಕಂಡುಕೊಂಡ ನಿಜವಾದ ಉಪಾಯ.

ಒಮ್ಮೆ ರಾತ್ರಿ ಫೋನು ಬಂತು. ಕಿಡ್ನಿ ಇದೆ, ಏನೂ ತಿನ್ನದೆ ಬನ್ನಿ ಅಂದರು. ಹೋದೆ. ಒಂದೇ ಕಿಡ್ನಿಗೆ ಒಬ್ಬರಿಗಿಂತ ಹೆಚ್ಚು ಜನರನ್ನು ಕರೆಸುವುದುಂಟು. ರಕ್ತ ತೆಗೆದು ಕ್ರಾಸ್‌ಮ್ಯಾಚ್ ಮಾಡಿದರು. ದಾನಿಯ ಜೀವಕೋಶಗಳ ಮೇಲೆ ನನ್ನ ರಕ್ತ ದಾಳಿ ಮಾಡುತ್ತದಾ ಅಂತ ನೋಡುವ ಪರೀಕ್ಷೆ ಅದು. ಮಾಡಿತು. ಕಿಡ್ನಿ ಇನ್ನೊಬ್ಬರಿಗೆ ಹೋಯಿತು. ಬೆಳಗಿನ ಜಾವ ಮನೆಗೆ ಬಂದು ಬಾಗಿಲು ಹಾಕಿಕೊಂಡು ದೇವರಿಗೆ ಬಾಯಿಗೆ ಬಂದಂತೆ ಬೈದೆ.

ಬೈದಿದ್ದಕ್ಕೆ ನನಗೆ ನಾಚಿಕೆ ಇಲ್ಲ. ಬೈಬಲ್ಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಕಥೆಯಲ್ಲಿ "ಯೆಹೋವನು ಕೊಟ್ಟನು, ಯೆಹೋವನು ತೆಗೆದುಕೊಂಡನು" ಅನ್ನುವ ಮಾತು ಮೊದಲನೇ ಅಧ್ಯಾಯದಲ್ಲೇ ಬಂದುಹೋಗುತ್ತದೆ. ಮೂರನೇ ಅಧ್ಯಾಯಕ್ಕೆ ಅವನು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. 42 ಅಧ್ಯಾಯಗಳಲ್ಲಿ ಬಹುಪಾಲು ಬರೀ ಜಗಳ. ಗೆಳೆಯರು ದೇವರ ಪರ ವಕೀಲಿಕೆ ಮಾಡುತ್ತಾರೆ, ನೀನೇ ಏನೋ ಪಾಪ ಮಾಡಿರಬೇಕು ಅನ್ನುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ. ನನ್ನ ವಿಷಯವಾಗಿ ಯೋಬನಂತೆ ನೀವು ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. ಹಿಂದಿನ ಜನ್ಮದ ಲೆಕ್ಕ ತೆಗೆದ ನನ್ನ ನೆಂಟರಿಗೆ ಈ ಭಾಗವನ್ನು ಓದಿ ಹೇಳುವ ಆಸೆ ಇದೆ. ಹೇಳಿಲ್ಲ, ಮದುವೆ ಮುಂಜಿಗೆ ಮುಖ ನೋಡಬೇಕಲ್ಲ!

ಯೇಸು ಕೂಡ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಮೊದಲು ಕೇಳಿದ್ದು ಈ ಪಾತ್ರೆ, ಅಂದರೆ ಬರಲಿರುವ ಸಂಕಟ, ನನ್ನಿಂದ ದೂರ ಹೋಗಲಿ ಅಂತಲೇ. ನಿನ್ನ ಚಿತ್ತದಂತೆ ಅನ್ನುವುದು ಆಮೇಲೆ. ಮತ್ತಾಯನ ಸುವಾರ್ತೆಯಂತೆ ಮೂರು ಸಲ ಹೋಗಿ ಪ್ರಾರ್ಥಿಸಿದ. ಹಾಗಾಗಿ ನಾನೂ ಕೇಳುವುದನ್ನು ಬಿಟ್ಟಿಲ್ಲ. ಬಿಟ್ಟಿದ್ದು ಚೌಕಾಸಿ. ಇಷ್ಟು ಉಪವಾಸ ಮಾಡುತ್ತೇನೆ, ಇಷ್ಟು ಕೊಡು ಅನ್ನುವುದು ಈಗ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಎಲ್ಲದಕ್ಕೂ ದೇವರ ಹೆಸರು ಹಾಕಬಾರದು. ಡಯಾಲಿಸಿಸ್ ಫಿಲ್ಟರನ್ನು ತೊಳೆದು ಅದೇ ರೋಗಿಗೆ ಮತ್ತೆ ಬಳಸುವ ಪದ್ಧತಿ ಹಲವು ಕಡೆ ಇದೆ, ಮೇಲೆ ಹೆಸರು ಬರೆದಿರುತ್ತಾರೆ. ಒಂದು ದಿನ ನನಗೆ ಬೇರೆಯವರ ಹೆಸರಿನ ಫಿಲ್ಟರ್ ಜೋಡಿಸಲು ತಂದರು. ಕೂಗಿ ನಿಲ್ಲಿಸಿದೆ, ಬರೆದು ದೂರು ಕೊಟ್ಟೆ. ಆ ಹೊತ್ತಿನಲ್ಲಿ "ಅವನ ಇಚ್ಛೆ" ಅಂತ ಕೈ ಚಾಚಿ ಮಲಗಿದ್ದರೆ ಅದು ಭಕ್ತಿ ಅಲ್ಲ, ಬೇರೊಬ್ಬರ ಅಸಡ್ಡೆಗೆ ನಾನು ಹಾಕಿದ ದೇವರ ಸಹಿ. ಮನುಷ್ಯರು ಸರಿಪಡಿಸಬಹುದಾದದ್ದನ್ನು ಮನುಷ್ಯರ ಹತ್ತಿರವೇ ಜಗಳ ಮಾಡಿ ಸರಿಪಡಿಸಿಕೊಳ್ಳಬೇಕು.

ಇತ್ತೀಚೆಗೆ ಹೊಸ ಪರೀಕ್ಷೆ ಬಂದಿದೆ. ತಂಗಿ ತನ್ನ ಒಂದು ಕಿಡ್ನಿ ಕೊಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಾನು ಬೇಡವೇ ಬೇಡ ಅಂದೆ. ಪಟ್ಟಿಯಲ್ಲಿ ಹೆಸರಿದೆ, ದೇವರು ಕೊಟ್ಟಾಗ ಕೊಡಲಿ ಅಂದೆ. ಅವಳು ಬಟ್ಟೆ ಮಡಚುತ್ತಾ, ನನ್ನ ಕಡೆ ನೋಡದೆಯೇ ಹೇಳಿದಳು: "ಅಕ್ಕಾ, ದೇವರು ಯಾರೋ ಗುರುತಿಲ್ಲದವರ ಕೈಲಿ ಕೊಟ್ಟರೆ ತಗೋತೀಯ, ನನ್ನ ಕೈಲಿ ಕೊಟ್ಟರೆ ಬೇಡ ಅಂತೀಯ. ಹೇಗೆ ಕೊಡಬೇಕು ಅನ್ನೋದನ್ನೂ ನೀನೇ ಹೇಳಿಕೊಡ್ತೀಯಾ ಅವನಿಗೆ?"

ಉತ್ತರ ಹೊಳೆಯಲಿಲ್ಲ. ನೋವನ್ನು ಒಪ್ಪಿಕೊಳ್ಳುವುದು ಹೇಗೋ ಅಭ್ಯಾಸ ಆಗಿದೆ. ಬೇರೆಯವರು ಪ್ರೀತಿಯಿಂದ ಕೊಡುವುದನ್ನು ತಲೆಬಾಗಿ ತಗೊಳ್ಳುವುದು ಇನ್ನೂ ಕಷ್ಟ. ಅವಳಿಗೆ ಏನಾದರೂ ಆದರೆ ಅನ್ನುವ ಹೆದರಿಕೆ ಒಂದು ಕಡೆ, ಜೀವಮಾನವಿಡೀ ಋಣದಲ್ಲಿ ಇರಬೇಕಲ್ಲ ಅನ್ನುವ ಅಹಂಕಾರ ಇನ್ನೊಂದು ಕಡೆ. ಎರಡರಲ್ಲಿ ಯಾವುದು ಜಾಸ್ತಿ ಅಂತ ನೋಡಿಕೊಳ್ಳುತ್ತಿದ್ದೇನೆ. ಅವಳ ರಕ್ತದ ಗುಂಪು ಹೊಂದುತ್ತದೆ. ಉಳಿದ ಪರೀಕ್ಷೆಗಳಿಗೆ ಡಾಕ್ಟರ್ ದಿನ ಕೊಟ್ಟಿದ್ದಾರೆ. ಅವಳ ಜೊತೆ ನಾನೂ ಹೋಗುತ್ತೇನೆ ಅಂತ ಹೇಳಿದ್ದೇನೆ.