ಲೋಗೋದಲ್ಲೇ ನಿಂತ ಕಂಪ್ಯೂಟರ್: ಫಾರ್ಮ್ಯಾಟ್‌ಗೆ ಮೊದಲು ಇಷ್ಟು ನೋಡಿ

ಬಟನ್ ಒತ್ತಿದಿರಿ. ಫ್ಯಾನ್ ತಿರುಗಿತು, ಪರದೆ ಬೆಳಗಿತು, ಕಂಪನಿಯ ಲೋಗೋ ಬಂತು. ಆಮೇಲೆ ಏನೂ ಇಲ್ಲ. ಮಳೆ ಹಿಡಿದ ಮೇಲೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಮತ್ತೆ ಮತ್ತೆ ಕೇಳುವ ದೂರು ಇದು. ರಿಪೇರಿಗೆ ಒಯ್ದರೆ ಎಷ್ಟೋ ಕಡೆ ಮೊದಲು ಬರುವ ಮಾತು, "ಫಾರ್ಮ್ಯಾಟ್ ಹೊಡೆದು ಕೊಡುವಾ ಬಿಡಿ". ದಯವಿಟ್ಟು ಅಷ್ಟು ಬೇಗ ಹ್ಞೂಂ ಅನ್ನಬೇಡಿ. ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಹೊಸದಾಗುತ್ತದೆ, ಕಿಲುಬು ಹಿಡಿದ ರ್‍ಯಾಮ್ ಹೊಸದಾಗುವುದಿಲ್ಲ (ಅದು ಕೆಲಸದ ಹೊತ್ತಿನ ಮಾಹಿತಿ ಇಟ್ಟುಕೊಳ್ಳುವ ಪುಟ್ಟ ಮೆಮೊರಿ ಪಟ್ಟಿ). ಮಕ್ಕಳ ಫೋಟೊ, ತೋಟದ ಲೆಕ್ಕ, ಸೊಸೈಟಿಯ ಕಾಗದಪತ್ರ ಮಾತ್ರ ಹೋಗಿಬಿಡುತ್ತವೆ.

ಎಲ್ಲಿ ನಿಂತಿತು?

ಮೊದಲ ಕೆಲಸ ನೋಡುವುದು, ಅಷ್ಟೇ. ಕಂಪನಿಯ ಲೋಗೋವೇ ಬರದೆ ಪರದೆ ಕಪ್ಪಾಗಿದ್ದರೆ, ಅಥವಾ ಲೋಗೋದಲ್ಲೇ ನಿಂತರೆ, ವಿಂಡೋಸ್ ಇನ್ನೂ ಶುರುವಾಗಿಲ್ಲ ಎಂದರ್ಥ. ಅನುಮಾನ ರ್‍ಯಾಮ್, ಕೇಬಲ್, ಡಿಸ್ಕ್, ಹೊರಗಿನಿಂದ ಚುಚ್ಚಿದ ಸಾಧನಗಳ ಮೇಲೆ. ಲೋಗೋ ಕೆಳಗೆ ಚುಕ್ಕಿಗಳು ಸುತ್ತತೊಡಗಿ ಆಮೇಲೆ ನಿಂತರೆ ವಿಂಡೋಸ್ ಶುರುವಾಗಿ ಸಿಕ್ಕಿಹಾಕಿಕೊಂಡಿದೆ. ಅಲ್ಲಿ ಡ್ರೈವರ್ (ಸಾಧನಗಳನ್ನು ನಡೆಸುವ ಸಾಫ್ಟ್‌ವೇರ್), ಅಪ್‌ಡೇಟ್ ಅಥವಾ ಡಿಸ್ಕ್ ಕಾರಣ. ಪಾಸ್‌ವರ್ಡ್ ಹೊಡೆದ ಮೇಲೆ ನಿಂತರೆ ತಾನಾಗಿ ಶುರುವಾಗುವ ಯಾವುದೋ ಪ್ರೋಗ್ರಾಂ ಕಾಟ ಇರಬಹುದು.

ಡಿಸ್ಕ್‌ನ ಪುಟ್ಟ ದೀಪ ಮಿನುಗುತ್ತಿದ್ದರೆ ಸ್ವಲ್ಪ ಕಾಯಿರಿ. ಅಪ್‌ಡೇಟ್ ನಡೆಯುವಾಗ ಹಳೆಯ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್ ಅರ್ಧ ತಾಸು, ಒಂದು ತಾಸು ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಅವಸರದಲ್ಲಿ ಆಫ್ ಮಾಡಿದರೆ ಇಲ್ಲದ ತೊಂದರೆ ಹುಟ್ಟುತ್ತದೆ.

ಹೊರಗಿನದನ್ನೆಲ್ಲ ಕಿತ್ತುಹಾಕಿ

ಅಲ್ಲಾಡುವ ಲಕ್ಷಣವೇ ಇಲ್ಲವೆಂದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಪ್ರಿಂಟರ್, ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್, ಬೆರಳಚ್ಚಿನ ಸ್ಕ್ಯಾನರ್, ಎಲ್ಲ ತೆಗೆಯಿರಿ. ಕೀಬೋರ್ಡ್, ಮೌಸ್ ಸಾಕು. ಕೆಟ್ಟ ಒಂದು ಪೆನ್‌ಡ್ರೈವ್ ಇಡೀ ಕಂಪ್ಯೂಟರನ್ನು ಲೋಗೋದಲ್ಲೇ ನಿಲ್ಲಿಸಬಲ್ಲದು. ಆನ್ ಆಯಿತೋ, ಒಂದೊಂದಾಗಿ ಮತ್ತೆ ಚುಚ್ಚಿ ನೋಡಿ. ಕಳ್ಳ ಸಿಕ್ಕೇ ಸಿಗುತ್ತಾನೆ.

ಉಪ್ಪು, ತೇವ ಮತ್ತು ರ್‍ಯಾಮ್

ಇದಕ್ಕೂ ಬಗ್ಗದಿದ್ದರೆ ನಮ್ಮೂರಿನ ಮುಖ್ಯ ಶತ್ರುವಿನ ಕಡೆ ಬರಬೇಕು. ಸಾಣಿಕಟ್ಟಾದ ಉಪ್ಪನ್ನು ಭರಣಿಯಲ್ಲಿಟ್ಟವರಿಗೆಲ್ಲ ಗೊತ್ತು, ಮಳೆಗಾಲದಲ್ಲಿ ಅದು ನೀರು ಬಿಡುತ್ತದೆ. ಗಾಳಿಯ ತೇವ ಶೇ 75 ದಾಟಿದರೆ ಉಪ್ಪು ಆ ತೇವವನ್ನು ಹೀರಿ ಕರಗತೊಡಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕರಾವಳಿಯಲ್ಲಿ ಬಹುತೇಕ ದಿನ ತೇವ ಅದಕ್ಕಿಂತ ಮೇಲೆಯೇ ಇರುತ್ತದೆ. ಕಡಲ ಗಾಳಿ ಹೊತ್ತು ತಂದ ಉಪ್ಪಿನ ಕಣ, ದೂಳಿನ ಜೊತೆ ಸೇರಿ ಕ್ಯಾಬಿನೆಟ್ ಒಳಗೆ ಕೂತಿರುತ್ತದೆ. ಮಳೆ ಬಂದಾಗ ಅಲ್ಲೇ ಹಸಿಯಾಗುತ್ತದೆ. ರ್‍ಯಾಮ್‌ನ ಅಂಚಿನಲ್ಲಿ ಹೊಳೆಯುವುದು ಚಿನ್ನದ ಲೇಪ. ಚಿನ್ನಕ್ಕೆ ತುಕ್ಕಿಲ್ಲ ನಿಜ, ಆದರೆ ಲೇಪ ತೀರಾ ತೆಳು. ಕಣ್ಣಿಗೆ ಕಾಣದ ತೂತುಗಳಲ್ಲಿ ಉಪ್ಪುನೀರು ಇಳಿದು ಕೆಳಗಿನ ನಿಕ್ಕಲ್, ತಾಮ್ರವನ್ನು ತಿನ್ನುತ್ತದೆ. ಸಂಪರ್ಕ ಸರಿಯಾಗದೆ ಕಂಪ್ಯೂಟರ್ ಒಮ್ಮೆ ಆನ್ ಆಗುತ್ತದೆ, ಇನ್ನೊಮ್ಮೆ ಇಲ್ಲ. ಘಟ್ಟದ ಮೇಲೆ ಉಪ್ಪಿನ ಕಾಟ ಕಡಿಮೆ, ಆದರೆ ಥಂಡಿ ಅಷ್ಟೇ ಇದೆ. ಬೂಷ್ಟೂ ಬರುತ್ತದೆ, ಬೆಚ್ಚಗಿನ ಜಾಗ ಹುಡುಕಿ ಇರುವೆಗಳೂ ಬರುತ್ತವೆ.

ಡೆಸ್ಕ್‌ಟಾಪ್ ಆದರೆ ಇದನ್ನು ನೀವೇ ಮಾಡಬಹುದು. ವೈರ್ ಗೋಡೆಯಿಂದ ಕಿತ್ತುಬಿಡಿ. ಆಮೇಲೆ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹೋಗಲಿ. ಪವರ್ ಸಪ್ಲೈ ಡಬ್ಬವನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ, ವೈರ್ ಕಿತ್ತ ಮೇಲೂ ಅದರೊಳಗೆ ಅಪಾಯದಷ್ಟು ಕರೆಂಟ್ ಉಳಿದಿರಬಹುದು. ಕ್ಯಾಬಿನೆಟ್ ಬದಿಯ ಮುಚ್ಚಳ ತೆಗೆದು, ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಹೋಗಲಿ. ರ್‍ಯಾಮ್‌ನ ತುದಿಯ ಕ್ಲಿಪ್ ಬಿಡಿಸಿ ಮೇಲೆತ್ತಿ. ಹೊಳೆಯುವ ಅಂಚನ್ನು ಮೆತ್ತಗಿನ ಪೆನ್ಸಿಲ್ ರಬ್ಬರ್‌ನಿಂದ ಹಗುರಾಗಿ ಉಜ್ಜಿ. ಜೋರು ಬೇಡ, ಲೇಪವೇ ಹೋದೀತು. ಪುಡಿ ಪೂರ್ತಿ ಒರೆಸಿ. ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು, ಬೇಗ ಆರುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. ಕ್ಲಿಪ್ 'ಟಕ್' ಅನ್ನುವವರೆಗೆ ಒತ್ತಿ ಕೂರಿಸಿ. ಎರಡು ರ್‍ಯಾಮ್ ಇದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು. ಡಿಸ್ಕ್‌ಗೆ ಹೋಗುವ ಸಾಟಾ ಕೇಬಲನ್ನೂ ತೆಗೆದು ಮತ್ತೆ ಚುಚ್ಚಿ.

ಅಲ್ಲೇ ನಾಣ್ಯದಂಥ ಬ್ಯಾಟರಿ ಕಾಣುತ್ತದೆ. ಸಾಮಾನ್ಯವಾಗಿ ಸಿಆರ್ 2032, 3 ವೋಲ್ಟ್. ಪ್ರತಿ ಸಲ ತಾರೀಕು, ಸಮಯ ಹಿಂದೆ ಹೋಗುತ್ತಿದ್ದರೆ ಅದನ್ನು ಬದಲಿಸಿ.

ಸೇಫ್ ಮೋಡ್

ವಿಂಡೋಸ್ ಶುರುವಾದ ಮೇಲೆ ನಿಲ್ಲುತ್ತಿದ್ದರೆ ಹೀಗೆ ಮಾಡಿ. ಚುಕ್ಕಿ ಸುತ್ತುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನೇ ರಿಪೇರಿ ಪರದೆ ತೋರಿಸುತ್ತದೆ. ಹಳೆಯ ಎಫ್8 ಕೀಲಿ ವಿಂಡೋಸ್ 10, 11ರಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಒತ್ತುತ್ತ ಹೋಗಿ, ಪಟ್ಟಿ ಬಂದಾಗ 4 ಒತ್ತಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ತೀರಾ ಬೇಕಾದ ಡ್ರೈವರ್‌ಗಳನ್ನಷ್ಟೇ ಹಾಕಿಕೊಂಡು ಏಳುತ್ತದೆ. ಅದು ಎದ್ದಿತೆಂದರೆ ಯಂತ್ರ ಬಹುಮಟ್ಟಿಗೆ ಸರಿಯಿದೆ. ಇತ್ತೀಚೆಗೆ ಹಾಕಿದ ಸಾಫ್ಟ್‌ವೇರ್ ಅಥವಾ ಡ್ರೈವರ್ ತೆಗೆದು ನೋಡಿ. ಅಪ್‌ಡೇಟ್ ಆದ ಮರುದಿನವೇ ಶುರುವಾದ ತೊಂದರೆಯಾದರೆ, ಅದೇ ರಿಪೇರಿ ಪರದೆಯಲ್ಲಿ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಇದೆ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತ್ತು. ಅವುಗಳಲ್ಲಿ ಎಷ್ಟೋ ಯಂತ್ರಗಳಿಗೆ ಮದ್ದು ಇದೇ ಆಗಿತ್ತು. ಸೇಫ್ ಮೋಡ್‌ಗೆ ಹೋಗಿ ಆ ಅಪ್‌ಡೇಟ್‌ನ ತಪ್ಪು ಫೈಲ್ ಅಳಿಸುವುದು. ಫಾರ್ಮ್ಯಾಟ್ ಬೇಕಾಗಲಿಲ್ಲ.

ಒಂದು ಎಚ್ಚರಿಕೆ. ಲ್ಯಾಪ್‌ಟಾಪ್ ಈ ಕೆಲಸದ ನಡುವೆ 48 ಅಂಕಿಗಳ ಬಿಟ್‌ಲಾಕರ್ ಕೀ (ಡಿಸ್ಕ್‌ಗೆ ಹಾಕಿದ ಬೀಗ ತೆಗೆಯುವ ಸಂಖ್ಯೆ) ಕೇಳಬಹುದು. ಹೆಚ್ಚಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಕಟ್‌ಕಟ್ ಶಬ್ದ ಬಂದರೆ

ಹಾರ್ಡ್ ಡಿಸ್ಕ್ ಕಟ್‌ಕಟ್ ಅನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಚೆಕ್‌ಡಿಸ್ಕ್ (ಡಿಸ್ಕ್‌ನ ತಪ್ಪು ಹುಡುಕುವ ವಿಂಡೋಸ್ ಪ್ರೋಗ್ರಾಂ) ಕೂಡ ಆಗ ಬೇಡ, ಸಾಯುತ್ತಿರುವ ಡಿಸ್ಕ್‌ಗೆ ಅದು ಭಾರ. ಫೈಲ್‌ಗಳು ಅಷ್ಟು ಮುಖ್ಯವಾಗಿದ್ದರೆ ಅಲ್ಲೇ ನಿಲ್ಲಿಸಿ, ಡೇಟಾ ತೆಗೆದುಕೊಡುವವರ ಬಳಿ ಒಯ್ಯಿರಿ. ಶಬ್ದವಿಲ್ಲದೆ ಸುಮ್ನೆ ನಿಂತಿದ್ದರೆ, ಬೇರೆ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟು (ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ವ್ಯವಸ್ಥೆಗಳು) ಪೆನ್‌ಡ್ರೈವ್ ಮಾಡಿಕೊಂಡು ಅದರಿಂದ ಕಂಪ್ಯೂಟರ್ ಶುರು (ಬೂಟ್) ಮಾಡಿ. ಇನ್‌ಸ್ಟಾಲ್ ಒತ್ತಬೇಡಿ, 'ಟ್ರೈ' ಸಾಕು. ಫೈಲ್‌ಗಳು ಕಂಡರೆ ಬೇರೆ ಡಿಸ್ಕ್‌ಗೆ ನಕಲು ಮಾಡಿ. ರಿಪೇರಿ ಏನಿದ್ದರೂ ಆಮೇಲೆ.

ಕರೆಂಟ್ ವಿಷಯವೂ ಇದೆ. ಗಾಳಿ ಮಳೆಗೆ ಕರೆಂಟ್ ಹೋಗಿ ಬರುವ ನಮ್ಮ ಕಡೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ನಡುವೆಯೇ ಆಫ್ ಆಗಿ ಫೈಲ್‌ಗಳು ಹಾಳಾಗುತ್ತವೆ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆ ಇಂಟರ್‌ನೆಟ್ ಕೇಬಲನ್ನೂ ತೆಗೆಯಿರಿ. ಸಿಡಿಲಿನ ಹೊಡೆತ ಆ ದಾರಿಯಿಂದಲೂ ಬರುತ್ತದೆ. ಮಳೆಗಾಲದಲ್ಲಿ ಬಳಸದಿದ್ದರೂ ದಿನಕ್ಕೆ ಸ್ವಲ್ಪ ಹೊತ್ತು ಆನ್ ಇಟ್ಟರೆ ಒಳಗಿನ ಬಿಸಿಗೆ ತೇವ ಆರುತ್ತದೆ.

ಇಷ್ಟಾದರೂ ಏಳದಿದ್ದರೆ ಅಂಗಡಿಗೆ ಒಯ್ಯಿರಿ. ಎಲ್ಲಿ ನಿಲ್ಲುತ್ತದೆ, ಬೀಪ್ ಎಷ್ಟು ಸಲ ಬಂತು, ನೀವು ಏನೇನು ಮಾಡಿ ನೋಡಿದಿರಿ ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. "ಮೊದಲು ಡೇಟಾ ತೆಗೆದಿಡಿ, ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಎಂದು ಅದೇ ಚೀಟಿಯ ಮೇಲೆ ದೊಡ್ಡದಾಗಿ ಬರೆಯಿರಿ.